ಪಾಸ್‌ಪೋರ್ಟ್ ಅಮೆರಿಕದ್ದು, ಮನೆ ಮ್ಯೂನಿಕ್ಕಿನಲ್ಲಿ: ಊಟ ಹೇಗೆ, ಓಡಾಟ ಹೇಗೆ?

ಪ್ರಶ್ನೆ: ನಾವು ಮೂಲತಃ ಹಾಸನದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 16 ವರ್ಷ ಇದ್ದು ಅಮೆರಿಕದ ಪೌರತ್ವ ಪಡೆದೆವು. ಈಗ ಕಂಪನಿ ಮೂರು ವರ್ಷದ ಮಟ್ಟಿಗೆ ಜರ್ಮನಿಯ ಮ್ಯೂನಿಕ್‌ಗೆ ಕಳಿಸಿದೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಬಂದು ನಾಲ್ಕು ತಿಂಗಳಾಯಿತು. ಮೂವರಿಗೂ ವಾಸದ ಪರವಾನಗಿ ಕಾರ್ಡ್ ಸಿಕ್ಕಿದೆ. ಬರುವ ಬೇಸಿಗೆಯಲ್ಲಿ, ಹಲವು ದೇಶಗಳ ರೈಲುಗಳಿಗೆ ಒಂದೇ ಟಿಕೆಟ್ಟಾಗುವ ಯುರೇಲ್ ಪಾಸ್ ಕೊಂಡು ಎರಡು ವಾರದಲ್ಲಿ ಏಳು ದೇಶ ನೋಡುವ ಆಸೆ. ನಾವು ಸಸ್ಯಾಹಾರಿಗಳು, ಮೊಟ್ಟೆ ಬೆರೆಸಿದ ಕೇಕು, ಪಾಸ್ತಾ ನಡೆಯುತ್ತದೆ. ಇಲ್ಲಿನ ಹೋಟೆಲುಗಳಲ್ಲಿ ಕುಡಿಯುವ ನೀರಿಗೂ ದುಡ್ಡು, ಟಿಪ್ಸ್ ಎಷ್ಟೆಂದು ತಿಳಿಯುವುದಿಲ್ಲ, ಬಿಲ್ಲಿಗಾಗಿ ಅರ್ಧ ಗಂಟೆ ಕಾಯಬೇಕು. ಹಿಂದಿನ ತಿಂಗಳು ಸ್ಪೇನಿಗೆ ಹೋದಾಗ ಸಂಜೆ ಏಳಕ್ಕೆ ಊಟವೇ ಸಿಗಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಯುರೋಪಿನಲ್ಲಿರುವವರಿಗೆ ಊಟ, ಪ್ರಯಾಣದ ಬಗ್ಗೆ ನಿಮ್ಮ ಸಲಹೆ ಏನು?

ಉತ್ತರ: ಮೊದಲು ಆ ಏಳು ದೇಶಗಳ ಪಟ್ಟಿಯನ್ನು ಮಡಿಸಿ ಡ್ರಾಯರಿನಲ್ಲಿಡಿ. ಹರಿದು ಹಾಕಿ ಎನ್ನುತ್ತಿಲ್ಲ, ಮೂರು ವರ್ಷ ಇರುತ್ತೀರಲ್ಲ, ಒಂದೊಂದಾಗಿ ಆಗುತ್ತದೆ. ಎರಡು ವಾರಕ್ಕೆ ಏಳು ದೇಶ ಎನ್ನುವುದು ಕ್ಯಾಲಿಫೋರ್ನಿಯಾದಿಂದ ಹಾರಿ ಬರುವವರ ಲೆಕ್ಕ. ವಿಮಾನಕ್ಕೆ ಸುರಿದ ದುಡ್ಡು, ವರ್ಷಕ್ಕೆ ಸಿಗುವ ಎಣಿಸಿದಷ್ಟು ರಜೆ, ಮತ್ತೆ ಯಾವಾಗ ಬರುತ್ತೇವೋ ಎಂಬ ಆತಂಕ, ಈ ಮೂರೂ ಸೇರಿ ಕಾಲಿಗೆ ಚಕ್ರ ಕಟ್ಟಿಸುತ್ತವೆ. ನಿಮಗೆ ಮೂರರಲ್ಲಿ ಒಂದೂ ಇಲ್ಲ. ಸಾಲ್ಸ್‌ಬರ್ಗ್ ನಿಮ್ಮ ಮನೆಯಿಂದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಜ್ಯೂರಿಕ್ ಮೂರೂವರೆ, ವಿಯೆನ್ನಾ ನಾಲ್ಕು, ಆಲ್ಪ್ಸ್ ದಾಟಿ ಇಟಲಿಯ ವೆರೋನಾ ಐದೂವರೆ ಗಂಟೆ. ಜರ್ಮನಿಯ ಕಾನೂನು ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡಬೇಕೆನ್ನುತ್ತದೆ, ಬಹಳಷ್ಟು ಕಂಪನಿಗಳು 30ರ ಆಸುಪಾಸು ಕೊಡುತ್ತವೆ. ಆ ರಜೆಯನ್ನು ಪೂರ್ತಿ ತೆಗೆದುಕೊಂಡರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ತೆಗೆದುಕೊಳ್ಳದಿದ್ದರೆ ಮ್ಯಾನೇಜರೇ ಬಂದು ಯಾಕೆಂದು ಕೇಳುತ್ತಾರೆ.

ನಾನು ಈ ಊರಿಗೆ ಬಂದು 19 ವರ್ಷವಾಯಿತು, ಬೇರೆಯವರ ರೈಲು ಪ್ರಯಾಣ ಹೊಂದಿಸಿಕೊಡುವುದೇ ಕೆಲಸ. ಅಮೆರಿಕದಿಂದ ಬಂದು ನೆಲೆಸಿದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಎಲ್ಲ ಕೌಂಟರಿನಲ್ಲೂ ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಯುರೋಪಿನ ಬಹುಪಾಲು ನಿಯಮಗಳಿಗೆ ಬೇಕಾಗಿರುವುದು ನೀವು ಎಲ್ಲಿಯ ಪ್ರಜೆ ಎಂಬುದಲ್ಲ, ಎಲ್ಲಿ ವಾಸ ಎಂಬುದು. ನಿಮ್ಮ ಯುರೇಲ್ ಪಾಸನ್ನೇ ತೆಗೆದುಕೊಳ್ಳಿ. ಅದು ಯುರೋಪಿನ ಹೊರಗೆ ವಾಸಿಸುವವರಿಗೆ. ಮ್ಯೂನಿಕ್‌ನಲ್ಲಿ ಮನೆ ಮಾಡಿದ ಮೇಲೆ, ಪಾಸ್‌ಪೋರ್ಟ್ ಅಮೆರಿಕದ್ದೇ ಇರಲಿ, ನೀವು ಕೊಳ್ಳಬೇಕಾದದ್ದು ಇಂಟರ್‌ರೇಲ್ ಪಾಸ್. ಎರಡೂ ಅಣ್ಣ-ತಮ್ಮಂದಿರಂತೆಯೇ ಇವೆ. ಆದರೆ ಇಂಟರ್‌ರೇಲ್‌ನಲ್ಲಿ ಒಂದು ಕಟ್ಟುಪಾಡು: ನೀವು ವಾಸಿಸುವ ದೇಶದೊಳಗೆ ಅದು ನಡೆಯುವುದು ಎರಡೇ ಸಲ, ದೇಶ ಬಿಟ್ಟು ಹೊರಡುವಾಗ ಒಮ್ಮೆ, ಮರಳುವಾಗ ಒಮ್ಮೆ. ಅದನ್ನು ಇಟ್ಟುಕೊಂಡು ಬರ್ಲಿನ್, ಹ್ಯಾಂಬರ್ಗ್ ಸುತ್ತುತ್ತೇನೆಂದರೆ ಆಗುವುದಿಲ್ಲ. ಮಗಳು 12 ತುಂಬದವಳಾದ್ದರಿಂದ ನಿಮ್ಮ ಪಾಸಿನ ಜೊತೆ ಅವಳದ್ದು ಉಚಿತ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚಾರೋಸ್ಸಾದಂಥ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ಕಟ್ಟಿ ಕಾದಿರಿಸಬೇಕು. ನನ್ನನ್ನು ಕೇಳಿದರೆ, ಒಂದೇ ದೇಶಕ್ಕೆ ಹೋಗಿ ಬರುವ ನಿಮ್ಮಂಥ ಕುಟುಂಬಕ್ಕೆ ಪಾಸೇ ಬೇಡ. ಎರಡು-ಮೂರು ತಿಂಗಳು ಮೊದಲೇ ತೆಗೆದ ಅಗ್ಗದ ಟಿಕೆಟ್ ಸಾಕು.

ತೆರಿಗೆ ವಾಪಸಿನದೂ ಇದೇ ಕಥೆ. ಪ್ಯಾರಿಸ್‌ನಲ್ಲಿ ಕೈಚೀಲ ಕೊಂಡ ಅಮೆರಿಕನ್ ಪ್ರವಾಸಿಗೆ ವಿಮಾನ ನಿಲ್ದಾಣದಲ್ಲಿ ವ್ಯಾಟ್ ಹಿಂದಕ್ಕೆ ಸಿಗುತ್ತದೆ, ನಿಮಗಿಲ್ಲ. ನೀಲಿ ಪಾಸ್‌ಪೋರ್ಟ್ ತೋರಿಸಿ ಫಾರಂ ತುಂಬಿಸಿಕೊಳ್ಳುವ ಜಾಣತನ ಬೇಡ, ಕಸ್ಟಮ್ಸ್‌ನವರು ವಾಸದ ಕಾರ್ಡ್ ಕೇಳಿದರೆ ಮುಖ ಸಣ್ಣದಾಗುತ್ತದೆ.

ವಾಸದ ಕಾರ್ಡಿನಿಂದ ಲಾಭವೂ ಇದೆ. ಷೆಂಗೆನ್ ವಲಯಕ್ಕೆ, ಅಂದರೆ ತಮ್ಮೊಳಗೆ ಗಡಿ ತಪಾಸಣೆ ಬೇಡವೆಂದು ಒಪ್ಪಿಕೊಂಡ ಯುರೋಪಿನ ದೇಶಗಳ ಗುಂಪಿಗೆ, ಬರುವ ಅಮೆರಿಕನ್ನರಿಗೆ ಯಾವುದೇ 180 ದಿನಗಳಲ್ಲಿ 90 ದಿನದ ಮಿತಿ. ನಿಮಗೆ ಜರ್ಮನಿಯಲ್ಲಿ ಕಳೆದ ದಿನಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಉಳಿದ ಷೆಂಗೆನ್ ದೇಶಗಳನ್ನೆಲ್ಲ ಒಟ್ಟುಗೂಡಿಸಿ ಅದೇ 90 ದಿನದ ಲೆಕ್ಕ ನಿಮಗೂ ಇದೆ. ಚಳಿಗಾಲವಿಡೀ ಲಿಸ್ಬನ್‌ನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡೋಣ ಎಂಬ ಯೋಚನೆ ಬಂದರೆ ಇದು ನೆನಪಿರಲಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊರದೇಶದವರ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಯಿತಲ್ಲ, ವಾಸದ ಪರವಾನಗಿ ಇರುವವರು ಅದರಿಂದ ಹೊರಗೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಮರಳಿ ಬರುವಾಗ ಪಾಸ್‌ಪೋರ್ಟಿನ ಜೊತೆ ಕಾರ್ಡನ್ನೂ ಮುಂದಿಡಿ, ಮಗಳದ್ದನ್ನೂ. ಇನ್ನು ರೈಲಿನಲ್ಲಿ ಸಾಲ್ಸ್‌ಬರ್ಗ್‌ಗೆ ಹೋಗಿ ಬರಲು ಗಡಿಯೇ ಇಲ್ಲವಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿಡಬೇಡಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇಟ್ಟಿದೆ. ಮರಳುವ ರೈಲಿಗೆ ಪೊಲೀಸರು ಹತ್ತುತ್ತಾರೆ, ನಮ್ಮ ಮೈಬಣ್ಣದವರನ್ನು ಸ್ವಲ್ಪ ಹೆಚ್ಚೇ ಕೇಳುತ್ತಾರೆ ಎಂಬುದು ನನ್ನ ಅನುಭವ.

ಪಾಸ್‌ಪೋರ್ಟೇ ಲೆಕ್ಕಕ್ಕೆ ಬರುವ ಜಾಗಗಳೂ ಕೆಲವಿವೆ. ಬ್ರಿಟನ್ನಿಗೆ ವೀಸಾ ಬೇಡ, ಆದರೆ 2025ರ ಜನವರಿ 8ರಿಂದ ಅಮೆರಿಕದ ಪ್ರಜೆಗಳು ಹೊರಡುವ ಮೊದಲೇ ಫೋನಿನಲ್ಲಿ ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಪಡೆದಿರಬೇಕು. ಇನ್ನೊಂದು ನನಗೆ ಗೊತ್ತಿರುವ ಹತ್ತರಲ್ಲಿ ಒಂಬತ್ತು ಜನಕ್ಕೆ ತಿಳಿಯದ ಸಂಗತಿ. ನಿಮ್ಮ ಜರ್ಮನ್ ಸರಕಾರಿ ಆರೋಗ್ಯ ವಿಮೆಯ ಕಾರ್ಡ್ ತಿರುಗಿಸಿ ನೋಡಿ, ಹಿಂಬದಿಯಲ್ಲಿರುವುದೇ ಯುರೋಪಿಯನ್ ಆರೋಗ್ಯ ವಿಮೆ ಕಾರ್ಡ್. ಇಟಲಿ, ಸ್ಪೇನ್, ಫ್ರಾನ್ಸ್‌ನ ಸರಕಾರಿ ವ್ಯವಸ್ಥೆಯಲ್ಲಿ ತುರ್ತು ಚಿಕಿತ್ಸೆಗೆ ಅದು ನಡೆಯುತ್ತದೆ. ಆದರೆ ಯುರೋಪಿಯನ್ ಒಕ್ಕೂಟದ ಪ್ರಜೆಗಳಲ್ಲದವರಿಗೆ ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್‌ಗಳಲ್ಲಿ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ಜನ ಹೋಗುವುದು ಸ್ವಿಟ್ಜರ್ಲೆಂಡ್‌ಗೇ ಹೆಚ್ಚು, ಆಸ್ಪತ್ರೆ ಬಿಲ್ಲು ಎದೆ ನಡುಗಿಸುವುದೂ ಅಲ್ಲೇ. ವರ್ಷವಿಡೀ ನಡೆಯುವ ಪ್ರಯಾಣದ ಆರೋಗ್ಯ ವಿಮೆ ಒಂದು ಕುಟುಂಬಕ್ಕೆ ಕೆಲವೇ ಹತ್ತು ಯುರೋಗಳಿಗೆ ಸಿಗುತ್ತದೆ. ಈ ವಾರವೇ ಮಾಡಿಸಿ.

ಕಾರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ದಿನ ಎಣಿಸಬೇಕಾಗಿದೆ. ಅಮೆರಿಕದ ಲೈಸೆನ್ಸ್ ಜರ್ಮನಿಯಲ್ಲಿ ನೆಲೆಸಿದ ದಿನದಿಂದ ಆರೇ ತಿಂಗಳು. ಬಂದು ನಾಲ್ಕಾಯಿತು ಎಂದಿರಿ. ಟೆಕ್ಸಸ್, ಪೆನ್ಸಿಲ್ವೇನಿಯಾದವರಿಗೆ ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಆ ಒಪ್ಪಂದವಿಲ್ಲ, ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ನಾನಾದರೆ ರೈಲನ್ನೇ ನೆಚ್ಚುತ್ತೇನೆ.

ರೈಲು ಎಂದರೆ ಮೊದಲಿಗೆ ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇನಲ್ಲಿ 49 ಯುರೋಗೆ ಶುರುವಾಗಿ, 2026ರ ಜನವರಿಯಿಂದ ತಿಂಗಳಿಗೆ 63 ಆಗಿದೆ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಮೆಟ್ರೊ, ಪ್ರಾದೇಶಿಕ ರೈಲುಗಳಿಗೆ ಸಾಕು, ಸಾಲ್ಸ್‌ಬರ್ಗ್ ನಿಲ್ದಾಣದವರೆಗೂ ಹೋಗಬಹುದು. ಐಸಿಇಯಂಥ ದೂರದ ವೇಗದ ರೈಲಿಗೆ ನಡೆಯುವುದಿಲ್ಲ. ಇಲ್ಲೊಂದು ಹಳ್ಳವಿದೆ: ಐಸಿಇಗೆ ಟಿಕೆಟ್ ತೆಗೆದರೆ 6ರಿಂದ 14 ವರ್ಷದ ಮಕ್ಕಳನ್ನು ದೊಡ್ಡವರ ಜೊತೆ ಉಚಿತವಾಗಿ ಸೇರಿಸಿಕೊಳ್ಳಬಹುದು, ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಆ ಸೌಲಭ್ಯವಿಲ್ಲ. ನಿಮ್ಮಿಬ್ಬರ ಬಳಿ ಈ ಟಿಕೆಟ್ ಇದ್ದು ಮಗಳಿಗೆ ಏನೂ ಇಲ್ಲದಿದ್ದರೆ ದಂಡ. ವಾರಾಂತ್ಯಕ್ಕೆ ಮೂವರೂ ಹೊರಡುವುದಾದರೆ ಬವೇರಿಯಾದ ದಿನದ ಟಿಕೆಟ್, ಬಯರ್ನ್ ಟಿಕೆಟ್, ಒಳ್ಳೆಯದು. ಕೆಲಸದ ದಿನ ಬೆಳಿಗ್ಗೆ 9ರ ನಂತರ, ಶನಿವಾರ-ಭಾನುವಾರ ನಡುರಾತ್ರಿಯಿಂದಲೇ ನಡೆಯುತ್ತದೆ, ಮಗಳು ಅದರಲ್ಲಿ ಉಚಿತ.

ಜರ್ಮನಿಯ ರೈಲು ಗಡಿಯಾರಕ್ಕೆ ಸರಿಯಾಗಿ ಬರುತ್ತದೆ ಎಂಬುದು ನಮ್ಮಜ್ಜನ ಕಾಲದ ಮಾತು. ಬೇರೆ ರೈಲು ಹಿಡಿಯಬೇಕಾದಲ್ಲಿ ಕನಿಷ್ಠ 40 ನಿಮಿಷ ಬಿಡುವಿಟ್ಟು ಟಿಕೆಟ್ ತೆಗೆಯಿರಿ. ಒಂದು ಗಂಟೆ ತಡವಾಗಿ ಮುಟ್ಟಿದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸು. ವಿಮಾನಕ್ಕೂ ಇಂಥದೇ ನಿಯಮವಿದೆ, ಅಮೆರಿಕದಲ್ಲಿ ಕಂಡಿರಲಾರಿರಿ. ಮ್ಯೂನಿಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಏರ್‌ಲೈನಿನದೇ ತಪ್ಪಿನಿಂದ ನಾಲ್ಕು ಗಂಟೆಗಿಂತ ತಡವಾಗಿ ಮುಟ್ಟಿದರೆ ತಲೆಗೆ 600 ಯುರೋ, ವಿಮಾನ ಯಾವ ದೇಶದ ಕಂಪನಿಯದ್ದಾದರೂ ಸರಿ. ಮರಳುವ ದಾರಿಯಲ್ಲಿ ಮಾತ್ರ ಯುರೋಪಿನ ಕಂಪನಿಯ ವಿಮಾನವಾಗಿದ್ದರೆ ಉಂಟು, ಅಮೆರಿಕದ್ದಾದರೆ ಇಲ್ಲ. ಟಿಕೆಟ್ ಬೆಲೆ ಹೆಚ್ಚು ಕಮ್ಮಿ ಒಂದೇ ಇದ್ದಾಗ ಯಾವುದನ್ನು ಆರಿಸಬೇಕೆಂದು ನೀವೇ ಹೇಳಿ. ಅಂದಹಾಗೆ ದಿನಾಂಕ: 05/06 ಎಂದರೆ ಇಲ್ಲಿ ಜೂನ್ 5. ಹಾಸನದಲ್ಲಿ ಕಲಿತದ್ದನ್ನು ಕ್ಯಾಲಿಫೋರ್ನಿಯಾದಲ್ಲಿ ಮರೆತಿದ್ದರೆ ಟಿಕೆಟ್ ತೆಗೆಯುವ ಮೊದಲು ಜ್ಞಾಪಿಸಿಕೊಳ್ಳಿ.

ಈಗ ಊಟಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ಹಸಿವೇ ಹೆಚ್ಚು ಕಾಣಿಸಿತು.

ಬಿಲ್ಲು ಯಾಕೆ ತರುವುದಿಲ್ಲ ಎಂದರೆ, ನೀವು ಕೇಳಿಲ್ಲ. ಅಮೆರಿಕದಲ್ಲಿ ಕೊನೆಯ ತುತ್ತು ಬಾಯಲ್ಲಿರುವಾಗಲೇ ಬಿಲ್ಲು ಬಂದು ಕೂರುತ್ತದೆ, ಮೇಜು ಖಾಲಿಯಾದಷ್ಟೂ ವೇಟರಿಗೆ ಟಿಪ್ಸ್. ಇಲ್ಲಿ ಕೇಳದೆ ಬಿಲ್ಲು ತಂದರೆ ಎದ್ದು ಹೋಗಿ ಎಂದಂತೆ. ಜರ್ಮನಿಯಲ್ಲಿ ‘ತ್ಸಾಲೆನ್ ಬಿಟ್ಟೆ’, ಇಟಲಿಯಲ್ಲಿ ‘ಇಲ್ ಕೋಂತೊ’, ಸ್ಪೇನಿನಲ್ಲಿ ‘ಲಾ ಕ್ವೆಂತಾ’, ಫ್ರಾನ್ಸಿನಲ್ಲಿ ‘ಲಾಡಿಸ್ಯೋಂ’, ಹೀಗೆ ಕಣ್ಣು ಸೇರಿಸಿ ಹೇಳಿದರೆ ಬರುತ್ತದೆ. ಜರ್ಮನ್ ವೇಟರ್ ಒಟ್ಟಿಗೋ ಬೇರೆ ಬೇರೆಯೋ ಎಂದು ಕೇಳಿ, ಎಂಟು ಜನರಿದ್ದರೂ ಯಾರು ಏನು ತಿಂದರೆಂದು ಅಲ್ಲೇ ನಿಂತು ಲೆಕ್ಕ ಹಾಕುತ್ತಾನೆ. ಟಿಪ್ಸ್ ಕೊಡಬೇಕಾದದ್ದೂ ಆಗಲೇ, ಬಾಯಲ್ಲಿ ಹೇಳಿ. 36 ಯುರೋ ಆಗಿದ್ದರೆ ‘39’ ಎಂದು ಕಾರ್ಡ್ ಕೊಡಿ, ಮುಗಿಯಿತು. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಹೋಗುವ ಪದ್ಧತಿ ಇಲ್ಲಿಲ್ಲ. ಶೇ. 5ರಿಂದ 10 ಧಾರಾಳವಾಯಿತು, ಶೇ. 20 ಕೊಟ್ಟರೆ ಪ್ರವಾಸಿ ಎಂದು ಗುರುತು ಹಚ್ಚುತ್ತಾರೆ. ಇಲ್ಲಿ ವೇಟರಿಗೂ ಕನಿಷ್ಠ ವೇತನ ಪೂರ್ತಿ ಸಿಗುತ್ತದೆ, 2026ರ ಜನವರಿಯಿಂದ ಗಂಟೆಗೆ 13.90 ಯುರೋ.

ಒಂದು ಎಚ್ಚರಿಕೆ. ನಾನು ಬಂದ ಹೊಸತರಲ್ಲಿ 38 ಯುರೋ ಬಿಲ್ಲಿಗೆ 50ರ ನೋಟು ಕೊಟ್ಟು ಅಭ್ಯಾಸಬಲದಿಂದ ‘ಡಾಂಕೆ’ ಎಂದೆ. ವೇಟರ್ ನನಗಿಂತ ಜೋರಾಗಿ ‘ಡಾಂಕೆ’ ಎಂದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವನದೇನೂ ತಪ್ಪಿಲ್ಲ. ಹಣ ಕೊಡುತ್ತಾ ಧನ್ಯವಾದ ಹೇಳಿದರೆ ಉಳಿದದ್ದು ನಿನಗೆ ಎಂದೇ ಇಲ್ಲಿ ಅರ್ಥ. ಚಿಲ್ಲರೆ ಕೈಗೆ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ.

ಇಟಲಿಯಲ್ಲಿ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಎರಡು ಯುರೋ ಆಸುಪಾಸು ಹಾಕಿರುತ್ತಾರೆ. ಅದು ಟಿಪ್ಸ್ ಅಲ್ಲ, ಮೋಸವೂ ಅಲ್ಲ, ಮೇಜಿಗೂ ಬ್ರೆಡ್ಡಿಗೂ ಹಾಕುವ ಶುಲ್ಕ. ಅದಾದ ಮೇಲೆ ಟಿಪ್ಸ್ ಬೇಕಿಲ್ಲ. ಫ್ರಾನ್ಸಿನಲ್ಲಿ ಸೇವೆಯ ಹಣ ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ. ನೀರಿನ ವಿಷಯದಲ್ಲಿ ಫ್ರೆಂಚರೇ ದೊಡ್ಡ ಮನಸ್ಸಿನವರು: ‘ಕರಾಫ್ ದೋ’ ಎಂದು ಕೇಳಿದರೆ ಊಟದ ಜೊತೆ ನಲ್ಲಿ ನೀರನ್ನು ಉಚಿತವಾಗಿ ಕೊಡಲೇಬೇಕೆಂಬ ಕಾನೂನಿದೆ. ಜರ್ಮನಿಯಲ್ಲಿ ಇಲ್ಲ. ಬರಿದೇ ನೀರು ಎಂದರೆ ಗುಳ್ಳೆ ನೀರು ತರುತ್ತಾರೆ, ‘ಷ್ಟಿಲ್’ ಎಂದು ಸೇರಿಸಿ. ಮತ್ತೆ ಮತ್ತೆ ತುಂಬಿಸಿಕೊಡುವ ಕೋಕು, ಲೋಟದ ತುಂಬ ಐಸು, ಇವನ್ನು ಅಟ್ಲಾಂಟಿಕ್ ಆಚೆಗೇ ಬಿಟ್ಟುಬಿಡಿ. ಬಿಯರಿಗಿಂತ ನೀರೇ ದುಬಾರಿಯೇ ಎಂದು ಗೊಣಗುವವರಿಗೆ ಒಂದು ಸಮಾಧಾನ: ಮದ್ಯ ಮಾರುವ ಹೋಟೆಲಿನಲ್ಲಿ ಮದ್ಯವಲ್ಲದ ಒಂದು ಪಾನೀಯವಾದರೂ ಅತಿ ಅಗ್ಗದ ಮದ್ಯಕ್ಕಿಂತ ಹೆಚ್ಚು ಬೆಲೆಯದ್ದಾಗಿರಬಾರದೆಂದು ಜರ್ಮನ್ ಕಾನೂನೇ ಇದೆ. ಅದನ್ನು ಸೇಬಿನ ಜ್ಯೂಸಿನ ಕಲಮು ಎಂದು ತಮಾಷೆಗೆ ಕರೆಯುತ್ತಾರೆ.

ಹೊತ್ತಿನ ಲೆಕ್ಕ ದೇಶಕ್ಕೊಂದು. ಜರ್ಮನಿಯಲ್ಲಿ ಸಂಜೆ ಆರಕ್ಕೂ ಉಣ್ಣಬಹುದು. ಇಟಲಿಯಲ್ಲಿ ಏಳೂವರೆಗೆ ಮೊದಲು ಒಲೆ ಹತ್ತುವುದಿಲ್ಲ. ಸ್ಪೇನಿನಲ್ಲಿ ಮಧ್ಯಾಹ್ನದ ಊಟವೇ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ. ಮಗುವನ್ನು ಕಟ್ಟಿಕೊಂಡು ಹೋದವರಿಗೆ ನನ್ನ ಉಪಾಯ: ಸ್ಪೇನಿನಲ್ಲಿ ಕೆಲಸದ ದಿನಗಳಲ್ಲಿ ಮಧ್ಯಾಹ್ನ ‘ಮೆನು ದೆಲ್ ದಿಯಾ’ ಎಂಬ ದಿನದ ನಿಗದಿತ ಊಟವನ್ನು ಹೊಟ್ಟೆ ತುಂಬ ಉಂಡು, ರಾತ್ರಿಗೆ ಆಲೂಗಡ್ಡೆ-ಮೊಟ್ಟೆಯ ತೋರ್ತಿಯಾದ ಒಂದು ತುಂಡು, ಹಣ್ಣು, ಮೊಸರಿನಲ್ಲಿ ಮುಗಿಸುವುದು. ಜರ್ಮನಿಯಲ್ಲಿ ಹೊತ್ತಿಗಿಂತ ವಾರದ ಸಮಸ್ಯೆ. ಹೋಟೆಲುಗಳಿಗೆ ವಾರಕ್ಕೊಂದು ‘ರೂಯೆಟಾಗ್’, ಅಂದರೆ ಬಾಗಿಲು ಮುಚ್ಚುವ ದಿನ, ಇರುತ್ತದೆ, ಬಹಳ ಕಡೆ ಸೋಮವಾರ. ಅಂಗಡಿಗಳು ಭಾನುವಾರ ಪೂರ್ತಿ ಬಂದ್. ಶನಿವಾರ ರಾತ್ರಿ ಎಂಟರೊಳಗೆ ಹಾಲು, ತರಕಾರಿ ತಾರದಿದ್ದರೆ ರೈಲ್ವೆ ನಿಲ್ದಾಣದ ಅಂಗಡಿಯಲ್ಲಿ ಊರಿಗೂರೇ ನಿಂತ ಸಾಲಿನಲ್ಲಿ ನಿಲ್ಲಬೇಕು.

ಅಮೆರಿಕದಲ್ಲಿ ಕಲಿತ ಕೆಲವು ಪದಗಳನ್ನು ಇಲ್ಲಿ ತಿರುಗಿ ಕಲಿಯಬೇಕು. ‘ಆಂಟ್ರೇ’ ಎಂದರೆ ಅಲ್ಲಿ ಮುಖ್ಯ ಊಟ, ಫ್ರಾನ್ಸಿನಲ್ಲಿ ಶುರುವಿನ ಸಣ್ಣ ತಿನಿಸು. ಇಟಲಿಯಲ್ಲಿ ‘ಲಾತ್ತೆ’ ಕೇಳಿದರೆ ಒಂದು ಲೋಟ ಹಾಲು ಬರುತ್ತದೆ, ನಿಮ್ಮ ಮಗಳಿಗಾದರೆ ಒಳ್ಳೆಯದೇ. ಎಲ್ಲಕ್ಕಿಂತ ಮಜವಾದದ್ದು ಪೆಪ್ಪೆರೋನಿ. ಅಮೆರಿಕದಲ್ಲಿ ಅದು ಮಾಂಸದ ಬಿಲ್ಲೆ. ಇಟಲಿಯಲ್ಲಿ ದೊಣ್ಣೆಮೆಣಸಿನಕಾಯಿ, ಜರ್ಮನಿಯಲ್ಲಿ ಖಾರದ ಮೆಣಸಿನಕಾಯಿ. 16 ವರ್ಷ ದೂರ ಇಟ್ಟಿದ್ದ ಆ ಹೆಸರಿನ ಪಿಜ್ಜಾವನ್ನು ಈಗ ಒಂದು ಮಾತು ಕೇಳಿಕೊಂಡು ತರಿಸಿಕೊಳ್ಳಬಹುದು. ನೀವು ಹೆದರಬೇಕಾದದ್ದು ‘ದಿಯಾವೊಲಾ’ ಎಂಬ ಹೆಸರಿಗೆ, ಅದರಲ್ಲಿರುವುದು ಖಾರದ ಸಲಾಮಿ.

ಸಸ್ಯಾಹಾರಿಗೆ ಜರ್ಮನಿ ಜನ ಹೇಳುವಷ್ಟು ಕಷ್ಟವಲ್ಲ. ಮೋಸ ಮಾಡುವುದು ಪಕ್ಕದ ತಟ್ಟೆಗಳು. ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಹಲವು ಕಡೆ ಮಾಂಸದ ಸಾರು ಹಾಕುತ್ತಾರೆ, ಹುಳಿ ಕೋಸಿನ ಪಲ್ಯದಲ್ಲಿ ಹಂದಿ ಕೊಬ್ಬು ಇರಬಹುದು. ಮೆನುವಿನಲ್ಲಿ ಪ್ರತಿ ತಿನಿಸಿನ ಮುಂದೆ ಸಣ್ಣ ಅಕ್ಷರಗಳು ಕಾಣುತ್ತವಲ್ಲ, ಅವು ಯುರೋಪಿಯನ್ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ತಿಳಿಸಲೇಬೇಕಾದ 14 ಅಲರ್ಜಿ ಪದಾರ್ಥಗಳು. ಮೊಟ್ಟೆ, ಮೀನು, ಹಾಲು ಅದರಲ್ಲಿ ಸಿಗುತ್ತವೆ. ಮಾಂಸ ಅಲರ್ಜಿ ಪಟ್ಟಿಯಲ್ಲಿಲ್ಲ, ಆದ್ದರಿಂದ ಆ ಅಕ್ಷರಗಳನ್ನು ನಂಬಿ ಕೊಬ್ಬು ಇಲ್ಲ ಎಂದುಕೊಳ್ಳಬೇಡಿ, ಬಾಯಿಬಿಟ್ಟು ಕೇಳಿ. ಚೀಸು ಸುರಿದ ಕೇಸೆ-ಷ್ಪೆಟ್ಸ್‌ಲೆ ಎಂಬ ನೂಡಲ್ಸ್, ಅಣಬೆಯ ಕ್ರೀಮಿನಲ್ಲಿ ಕೂತ ಬ್ರೆಡ್ಡಿನ ಉಂಡೆ, ಏಪ್ರಿಲ್‌ನಿಂದ ಜೂನ್ 24ರವರೆಗಿನ ಬಿಳಿ ಆಸ್ಪ್ಯಾರಗಸ್, ಇವು ನನ್ನ ಆಯ್ಕೆ. ಆಸ್ಪ್ಯಾರಗಸ್ ತರಿಸುವಾಗ ಹಂದಿಮಾಂಸದ ಹಾಳೆ ಬೇಡವೆನ್ನಲು ‘ಓನೆ ಷಿಂಕೆನ್’ ಎನ್ನಿ.

ನಿಮಗೆ ಹೇಳಲೇಬೇಕೆಂದು ಕಾದಿರುವುದು ಮ್ಯೂನಿಕ್‌ನ ಬಿಯರ್ ಗಾರ್ಡನ್. ಬಿಯರ್ ಕುಡಿಯದವರು ಅಲ್ಲಿ ಯಾಕೆ ಹೋಗಬೇಕು ಎಂದರೆ, ಮನೆಯ ಬುತ್ತಿ ಬಿಚ್ಚಿ ಉಣ್ಣಲು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಯೋಸೆಫ್ ಬಿಯರ್ ತಯಾರಕರಿಗೆ ನೆಲಮಾಳಿಗೆಯ ಮೇಲಿನ ತೋಟದಲ್ಲೇ ಬಿಯರ್ ಮಾರಲು ಅನುಮತಿ ಕೊಟ್ಟ, ಊಟ ಮಾರಬಾರದು ಎಂದ, ಊರಿನ ಹೋಟೆಲಿನವರ ಹೊಟ್ಟೆಗೆ ಕಲ್ಲು ಬೀಳಬಾರದಲ್ಲ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಇಂದಿಗೂ ಬಟ್ಟೆ ಹಾಸದ ಮೇಜಿನಲ್ಲಿ ನಿಮ್ಮ ಊಟ ನೀವು ಬಿಚ್ಚಬಹುದು, ಪಾನೀಯ ಮಾತ್ರ ಅವರಲ್ಲೇ ಕೊಳ್ಳಬೇಕು. 1999ರ ಬವೇರಿಯಾದ ಬಿಯರ್ ಗಾರ್ಡನ್ ನಿಯಮಾವಳಿಯಲ್ಲೂ ಇದು ಬಿಯರ್ ಗಾರ್ಡನ್ನಿನ ಲಕ್ಷಣವೆಂದೇ ಬರೆದಿದೆ. ಚೆಸ್ಟ್‌ನಟ್ ಮರದ ಕೆಳಗೆ ಪಕ್ಕದ ಕುಟುಂಬ ಚೀಸು, ಬ್ರೆಡ್ಡು ಹರಡಿಕೊಂಡಿದ್ದರೆ ನಾವು ಪುಳಿಯೋಗರೆ, ಮೊಸರನ್ನ ಬಿಚ್ಚುತ್ತೇವೆ. ಪಕ್ಕಕ್ಕೆ ಅಂಗಡಿಯಿಂದ ‘ರಾಡಿ’ ತನ್ನಿ. ಸುರುಳಿ ಸುರುಳಿಯಾಗಿ ಹೆಚ್ಚಿ ಉಪ್ಪು ಹಾಕಿದ ಬಿಳಿ ಮೂಲಂಗಿ, ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ. ‘ಸ್ಟಾಮ್‌ಟಿಷ್’ ಎಂಬ ಫಲಕವಿರುವ ಮೇಜಿನಲ್ಲಿ ಮಾತ್ರ ಕೂರಬೇಡಿ, ಅದು ನಿತ್ಯ ಬರುವವರ ಗದ್ದುಗೆ.

ಚೀಸಿನ ಬಗ್ಗೆ ಕಟುವಾದ ಸತ್ಯವೊಂದಿದೆ. ಪಾರ್ಮಿಜಾನೊ, ಗ್ರಾನಾ ಪಾದಾನೊ, ಸ್ವಿಸ್ ಗ್ರುಯೇರ್, ಮೂರನ್ನೂ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಮಾಡುತ್ತಾರೆ. ಎಷ್ಟು ಕಟ್ಟುನಿಟ್ಟು ಎಂಬುದು ನಿಮ್ಮ ಮನೆಯ ತೀರ್ಮಾನ. ಬೇಡವೆಂದರೆ ‘ವೇಗಾನ್’ ಗುರುತಿನ ತಿನಿಸು ಆರಿಸಿ, ರೆನೆಟ್, ಜೆಲಾಟಿನ್ ಎರಡರ ಚಿಂತೆಯೂ ಒಟ್ಟಿಗೆ ತೀರುತ್ತದೆ. ಪೋರ್ಚುಗಲ್‌ಗೆ ಹೋದರೆ ಸೆರ್ರಾ ದಾ ಎಸ್ಟ್ರೆಲಾ ಎಂಬ ಕುರಿಹಾಲಿನ ಚೀಸು ಹುಡುಕಿ, ಅದನ್ನು ಮುಳ್ಳುಗಿಡವೊಂದರ ಹೂವಿನಿಂದ ಹೆಪ್ಪು ಹಾಕುತ್ತಾರೆ.

ಸಸ್ಯಾಹಾರಿಗೆ ಯುರೋಪಿನಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ದಕ್ಷಿಣಕ್ಕೆ, ಮತ್ತು ಬಡವರ ಅಡುಗೆ ಇರುವಲ್ಲಿಗೆ. ಇಟಲಿಯ ಹಿಮ್ಮಡಿಯಂತಿರುವ ಪೂಲ್ಯಾದಲ್ಲಿ ‘ಫಾವೆ ಎ ಚಿಕೋರಿಯಾ’ ಎಂಬುದಿದೆ: ಒಣಗಿದ ಅಗಲ ಕಾಳನ್ನು ನುಣ್ಣಗೆ ಬೇಯಿಸಿ ಮಸೆದು, ಪಕ್ಕದಲ್ಲಿ ಕಹಿ ಸೊಪ್ಪು, ಮೇಲೆ ಆಲಿವ್ ಎಣ್ಣೆ. ಕಾಳು, ಸೊಪ್ಪು ಒಟ್ಟಿಗೆ ಉಂಡು ಬೆಳೆದ ಹಾಸನದ ನಾಲಿಗೆಗೆ ಪರಿಚಯ ಮಾಡಿಸಬೇಕಾಗಿಲ್ಲ. ಅಲ್ಲಿನ ಒರೆಕ್ಯೆತ್ತೆ ಪಾಸ್ತಾಕ್ಕೆ ಸೊಪ್ಪಿನ ಜೊತೆ ಸಣ್ಣ ಮೀನು ಕರಗಿಸಿ ಬಿಡುವುದುಂಟು, ‘ಸೆನ್ಸಾ ಅಚ್ಚೂಗೆ’ ಎಂದು ಮೊದಲೇ ಹೇಳಿ. ಜೆನೋವಾದ ಫರಿನಾತಾ, ಫ್ರಾನ್ಸಿನ ನೀಸ್ ಊರಿನ ಸೊಕ್ಕಾ, ಸಿಸಿಲಿಯ ಪಾಲೆರ್ಮೊದ ಪನೆಲ್ಲೆ, ಮೂರೂ ಕಡಲೆಹಿಟ್ಟಿನವು. ಪನೆಲ್ಲೆಯನ್ನು ಎಣ್ಣೆಯಲ್ಲಿ ಕರಿದು ಬನ್ನಿನೊಳಗಿಟ್ಟು ರಸ್ತೆ ಬದಿಯಲ್ಲಿ ಕೊಡುತ್ತಾರೆ. ಬಜ್ಜಿಯ ದೂರದ ನೆಂಟ ಎಂದು ಮಗಳಿಗೆ ಹೇಳಿ ತಿನ್ನಿಸಿ.

ಗ್ರೀಸಿನಲ್ಲಿ ಆರ್ಥಡಾಕ್ಸ್ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಬಹಳ, ಹೀಗಾಗಿ ಮಾಂಸ, ಹಾಲು, ಮೊಟ್ಟೆ ಮೂರೂ ಇಲ್ಲದ ‘ನಿಸ್ತೀಸಿಮೊ’ ಅಡುಗೆಯ ಪರಂಪರೆಯೇ ಇದೆ. ಉಪವಾಸದ ಅಡುಗೆಯಲ್ಲಿ ಚಿಪ್ಪು ಜೀವಿಗಳು, ಆಕ್ಟೋಪಸ್ ನಡೆಯುತ್ತವೆ, ಅಷ್ಟು ನೋಡಿಕೊಳ್ಳಿ. ಟೊಮೆಟೊದೊಳಗೆ ಅನ್ನ ತುಂಬಿ ಬೇಯಿಸಿದ ಗೆಮಿಸ್ತಾವನ್ನು ಮಾಂಸವಿಲ್ಲದೆ ಮಾಡಿದರೆ ‘ಓರ್ಫನಾ’ ಎನ್ನುತ್ತಾರೆ, ಅಂದರೆ ಅನಾಥ. ನಾನು ಆ ಅನಾಥನನ್ನು ಪ್ರತಿ ಸಲವೂ ದತ್ತು ತೆಗೆದುಕೊಂಡಿದ್ದೇನೆ. ಉತ್ತರಕ್ಕೆ ಹೋದರೆ ಎರಡು ಎಚ್ಚರ ಸಾಕು. ಬೆಲ್ಜಿಯಮ್ಮಿನ ಹೆಸರಾಂತ ಆಲೂಗಡ್ಡೆ ಫ್ರೈಸನ್ನು ಸಂಪ್ರದಾಯವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಸಸ್ಯದ ಎಣ್ಣೆಯ ಅಂಗಡಿ ಯಾವುದೆಂದು ಕೇಳಿಕೊಂಡು ಹೋಗಿ. ಪೋಲೆಂಡಿನ ಆಲೂಗಡ್ಡೆ-ಚೀಸಿನ ಪಿಯೆರೋಗಿ ರೂಸ್ಕಿಯೆ ನಮ್ಮ ಕಡುಬಿನಂತೆ ಸೊಗಸು, ಆದರೆ ಮೇಲೆ ಹುರಿದ ಹಂದಿ ಕೊಬ್ಬು ಉದುರಿಸುತ್ತಾರೆ, ‘ಬೆಸ್ ಸ್ಕ್ವಾರೆಕ್’ ಎಂದರೆ ಬಿಡುತ್ತಾರೆ.

ಅಡುಗೆಮನೆಯ ಒಂದು ಮಾತು, ನಿಮ್ಮ ಮನೆಯವರಿಗೆ. ಅಮೆರಿಕದಲ್ಲಿ ಕೊಂಡ 110 ವೋಲ್ಟಿನ ಮಿಕ್ಸಿಯನ್ನು ಇಲ್ಲಿನ 230ರ ಪ್ಲಗ್ಗಿಗೆ ಚುಚ್ಚಬೇಡಿ, ಚಟ್ನಿಯ ಬದಲು ಹೊಗೆ ಬರುತ್ತದೆ. ಊರಿನ ಮಿಕ್ಸಿ ನಡೆಯುತ್ತದೆ, ಪಿನ್ ಬದಲಿಸಿದರಾಯಿತು. ಅಮ್ಮನೋ ಅತ್ತೆಯೋ ಊರಿಂದ ಬರುವಾಗ ತುಪ್ಪ, ಕರಿಬೇವು ತರುವ ಆಸೆ ಇದ್ದರೆ ಬೇಡವೆನ್ನಿ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ, ಸೊಪ್ಪು-ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸಾರಿನ ಪುಡಿಗೆ ತೊಂದರೆಯಿಲ್ಲ.

ಕೊನೆಗೆ ನಿಮ್ಮ ಬೇಸಿಗೆ. ಜರ್ಮನಿಯಲ್ಲಿ ಶಾಲೆ ಕಡ್ಡಾಯ. ಅಮೆರಿಕದಲ್ಲಿ ಮಾಡಿದಂತೆ ಅಗ್ಗದ ವಿಮಾನಕ್ಕಾಗಿ ರಜೆಗೆ ಎರಡು ದಿನ ಮೊದಲೇ ಮಗಳನ್ನು ಕರೆದೊಯ್ದರೆ ದಂಡ ಬೀಳುತ್ತದೆ, ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ವಿಚಾರಿಸಿದ್ದೂ ಇದೆ. ಆದರೆ ಬವೇರಿಯಾದ ಶಾಲಾ ಕ್ಯಾಲೆಂಡರಿನಲ್ಲಿ ಎರಡು ಜಾಗ ಬಂಗಾರ. ಮೇ ಕೊನೆ ಅಥವಾ ಜೂನ್ ಮೊದಲಿಗೆ ಬರುವ ಎರಡು ವಾರದ ಪೆಂಟೆಕೋಸ್ಟ್ ರಜೆ ಒಂದು. ಇನ್ನೊಂದು ಸೆಪ್ಟೆಂಬರ್‌ನ ಮೊದಲ ಹತ್ತು ದಿನ: ಬವೇರಿಯಾ, ಪಕ್ಕದ ಬಾಡೆನ್-ವ್ಯೂರ್ಟೆಂಬರ್ಗ್ ಬಿಟ್ಟರೆ ಜರ್ಮನಿಯ ಉಳಿದ ಮಕ್ಕಳಲ್ಲಿ ಬಹುಪಾಲು ಶಾಲೆಗೆ ಮರಳಿರುತ್ತಾರೆ, ಇಟಲಿಯವರ ಆಗಸ್ಟ್ ರಜೆಯೂ ಮುಗಿದಿರುತ್ತದೆ, ಸಮುದ್ರ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಆಗಸ್ಟ್ 15ರ ಆಸುಪಾಸಿನಲ್ಲಿ ಹೋದರೆ ಇಟಲಿಯ ಒಳನಾಡಿನ ಊರುಗಳಲ್ಲಿ ಒಳ್ಳೆಯ ಹೋಟೆಲುಗಳೆಲ್ಲ ‘ರಜೆಗೆ ಮುಚ್ಚಿದೆ’ ಎಂಬ ಚೀಟಿ ಅಂಟಿಸಿಕೊಂಡಿರುತ್ತವೆ.

ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ಹೊರಡಿ. ಬೆಳಿಗ್ಗೆ ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ವೆರೋನಾ, ಅಲ್ಲಿಂದ ಬೊಲೊನ್ಯಾ, ರಾತ್ರಿ ಅಲ್ಲೇ ತಂಗಿ. ಮರುದಿನ ಪೂರ್ವ ಕರಾವಳಿಗುಂಟ ಇಳಿದು ಪೂಲ್ಯಾದ ಬಾರಿ ಎಂಬ ಊರು, ಆ ಭಾಗದಲ್ಲಿ ಒಂದೇ ಕಡೆ ಅಡುಗೆಮನೆ ಇರುವ ಮನೆಯನ್ನು ಎಂಟು ದಿನಕ್ಕೆ ಹಿಡಿಯಿರಿ. ಇನ್ಸ್‌ಬ್ರುಕ್ ದಾಟುವವರೆಗೆ ಬಲಬದಿಯ ಕಿಟಕಿಯ ಸೀಟು ಮಗಳಿಗೇ ಕಾದಿರಿಸಿ. ಮೊದಲ ಹೊತ್ತಿನ ಊಟಕ್ಕೆ ಚಪಾತಿ ಕಟ್ಟಿಕೊಳ್ಳಿ, ರೈಲಿನ ಊಟದ ಡಬ್ಬಿಯಲ್ಲಿ ಏನಿರುತ್ತದೆಂದು ಅದು ತೆರೆಯುವವರೆಗೆ ಯಾರೂ ಹೇಳಲಾರರು.